ಎಣ್ಣೆಬಟ್ಟೆಯ ಚೀಲ

“ಅಜ್ಜೀ, ಹರೀಬೇಡ!”

ರೇವತಿ ಸ್ಕೂಲ್ ಬ್ಯಾಗ್ ಎಸೆದು ಮನೆಯ ಹಿಂದಕ್ಕೆ ಓಡಿದಳು. ಅಷ್ಟರಲ್ಲಿ ಅವಳ ಅಜ್ಜಿ ಜವರಮ್ಮ ಎರಡು ಕಾಫಿ ಸಸಿಗಳ ಚೀಲ ಸೀಳಿ, ನೆಟ್ಟು ಮುಗಿಸಿದ್ದಳು. ಮೂರನೆಯದು ಕೈಯಲ್ಲಿತ್ತು.

“ಏನಾಯ್ತು ಮಾರಾಯ್ತಿ? ಹಾವು ಕಂಡಂಗೆ ಕೂಗ್ತೀಯಲ್ಲ!”

“ಚೀಲದ ಸಮೇತ ನೆಡ್ಬೇಕಿತ್ತು! ಅದೇ ನನ್ನ ಪ್ರಾಜೆಕ್ಟು!”

ಜವರಮ್ಮ ಹಣೆ ಚಚ್ಚಿಕೊಂಡಳು. “ನಿಂಗೆ ಸಹಾಯ ಆಗ್ಲಿ ಅಂತ ನೆಟ್ಟೆ ಕಣೆ. ನಲವತ್ತು ವರ್ಷ ಕಾಫಿ ತೋಟ್ದಲ್ಲಿ ಇದೇ ಕೆಲ್ಸ. ಗಿಡ ಎತ್ತು, ಕವರ್ ಸೀಳು, ಗುಂಡೀಲಿಡು. ಈ ಕೈಗೆ ಬೇರೆ ಗೊತ್ತಿಲ್ಲ.”

ಆದರೆ ಇವು ಪ್ಲಾಸ್ಟಿಕ್ ಕವರ್ ಅಲ್ಲ. ಬಡಗಿಗಳು ಮರಕ್ಕೆ ಹಚ್ಚುವ ಅಗಸೆ ಎಣ್ಣೆಯನ್ನು ಗೋಣಿಬೀಡಿನ ಅಂಗಡಿಯಿಂದ ತಂದು, ರೇವತಿ ಹಳೆಯ ಪಂಚೆಯ ತುಂಡುಗಳಿಗೆ ಸವರಿದ್ದಳು. ಒಣಗಿದ ಮೇಲೆ ಮತ್ತೆ ಸವರಿದ್ದಳು. ಬಿಸಿಲು ಗಾಳಿಗೆ ಎಣ್ಣೆ ನಿಧಾನವಾಗಿ ಗಟ್ಟಿಯಾಗಿ, ಜೇನು ಬಣ್ಣದ ಪೊರೆಯಾಗಿತ್ತು. ಆ ಬಟ್ಟೆಯಿಂದಲೇ ಚೀಲ ಹೊಲಿದು, ಮಣ್ಣು ತುಂಬಿ ಸಸಿ ಇಟ್ಟಿದ್ದಳು.

“ಎಣ್ಣೆಯ ಅಣುಗಳು ಒಂದಕ್ಕೊಂದು ಕೈ ಹಿಡ್ಕೊಂಡಿವೆ. ಇದೇ ಪಾಲಿಮರ್,” ಎಂದಿದ್ದರು ವಿಜ್ಞಾನದ ರಾಜೀವ್ ಸರ್. “ಇದು ಮಣ್ಣಲ್ಲಿ ಕರಗುತ್ತಾ? ಬೇರು ದಾಟುತ್ತಾ? ಮೂರು ತಿಂಗಳು ಬಿಟ್ಟು ಅಗೆದು, ಒಂದು ತುಂಡು ಎಕ್ಸಿಬಿಷನ್‌ಗೆ ತಗೊಂಡು ಬಾ.”

ಈಗ ಉಳಿದದ್ದು ಒಂದೇ ಚೀಲ.

“ಹಂಗೇ ನೆಟ್ರೆ ಬೇರು ಒಳಗೇ ಸುತ್ಕೊಂಡು ಗಿಡ ಸಾಯತ್ತೆ,” ಎಂದಳು ಅಜ್ಜಿ. ಆದರೂ ಮೊಮ್ಮಗಳ ಮುಖ ನೋಡಿ ಚೀಲದ ಸಮೇತ ಗುಂಡಿಗಿಳಿಸಿದಳು.

ಅಂದಿನಿಂದ ರೇವತಿಗೆ ಒಂದೇ ಚಿಂತೆ. ಅಜ್ಜಿ ಹೇಳಿದ್ದೇ ನಿಜವಾದರೆ? ಕ್ಲಾಸಿನ ಕಿಟಕಿಯಾಚೆ ಮಂಜು ಇಳಿಯುವಾಗ ಅವಳೂ ಮಣ್ಣೊಳಗೆ ಇಳಿಯುತ್ತಿದ್ದಳು. ಅಲ್ಲೊಂದು ಜೇನು ಬಣ್ಣದ ಪುಟ್ಟ ಕೋಣೆ. ಬಾಗಿಲಿಲ್ಲ. ಬಿಳಿ ಬೇರೊಂದು ಗೋಡೆ ತಡವುತ್ತ, ಸುತ್ತುತ್ತ, ಸುತ್ತುತ್ತ...

“ರೇವತೀ, ಎಲ್ಲಿದ್ದೀಯಮ್ಮ?”

“ಗುಂಡೀಲಿ ಸರ್,” ಎಂದುಬಿಟ್ಟಳು. ಕ್ಲಾಸೆಲ್ಲ ನಕ್ಕಿತು.

ಮೂರು ತಿಂಗಳಾಯಿತು. ಎಕ್ಸಿಬಿಷನ್ ನಾಳೆ. ರೇವತಿ ಬೆರಳಿನಿಂದಲೇ ಗಿಡದ ಪಕ್ಕದ ಮಣ್ಣು ಕೆದಕಿದಳು. ಚೀಲ ಸಿಕ್ಕಿತು. ನೆನೆದ ಕಾಗದದಂತೆ ಮೆತ್ತಗಾಗಿತ್ತು, ಆದರೆ ಪೂರ್ತಿ ಕರಗಿರಲಿಲ್ಲ.

ಅದರ ಒಂದು ತೂತಿನಿಂದ ಬಿಳಿ ಬೇರು ಹೊರಗೆ ಬಂದಿತ್ತು. ಪಕ್ಕದಲ್ಲಿ ಇನ್ನೊಂದು. ಕೆಳಗೆ ಮತ್ತೊಂದು.

“ಅಬ್ಬಾ, ತಾನೇ ದಾರಿ ಮಾಡ್ಕೊಂಡದೆ!” ಎಂದಳು ಅಜ್ಜಿ. “ತುಂಡು ಬೇಕಲ್ಲ? ಕೊಯ್ದು ಕೊಡ್ಲಾ?”

ರೇವತಿ ಬಟ್ಟೆಯ ಅಂಚನ್ನು ಮೆಲ್ಲನೆ ಎಳೆದಳು. ಅದರ ಜೊತೆ ಬೇರುಗಳೂ ಎಳೆದುಕೊಂಡು ಬಂದವು. ತಟ್ಟನೆ ಕೈಬಿಟ್ಟಳು.

“ಬೇಡ ಅಜ್ಜಿ.”

“ಮತ್ತೆ ಸರ್‌ಗೆ ಏನು ತೋರಿಸ್ತೀಯ?”

ರೇವತಿ ನೋಟ್‌ಬುಕ್ಕನ್ನು ಮೊಣಕಾಲ ಮೇಲಿಟ್ಟು ಬರೆದಳು: ‘ಚೀಲ ಇನ್ನೂ ಪೂರ್ತಿ ಕರಗಿಲ್ಲ. ಬೇರು ಅದಕ್ಕೆ ಕಾಯಲಿಲ್ಲ.’

ಅದರ ಕೆಳಗೆ, ಬೇರುಗಳು ಕಂಡ ಹಾಗೇ ಮೂರು ಗೆರೆ ಎಳೆದಳು. ಮೂರನೆಯದು ಹಾಳೆಯ ಅಂಚಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೋ ಅವಳಿಗೂ ಗೊತ್ತಿರಲಿಲ್ಲ.

ಪೆನ್ಸಿಲ್ ಕೆಳಗಿಟ್ಟು, ಎರಡೂ ಕೈಯಿಂದ ಮಣ್ಣು ಮುಚ್ಚಿದಳು.