ಸಂಕಲ್ಪದ ಪಟ್ಟಿ

2024ರ ಫೆಬ್ರವರಿ 6, ಮಂಗಳವಾರ, ಬೆಳಗ್ಗೆ 9.40. ಟೆಕ್ಸಾಸ್‌ನಲ್ಲಿ ಡಲ್ಲಾಸ್ ಪಕ್ಕದ ಇರ್ವಿಂಗ್ ಪೊಲೀಸ್ ಠಾಣೆಗೆ ಶ್ರಾವಣಿ ದೇಸಾಯಿ ಎಂಬ ಮೂವತ್ತಾರರ ಸಾಫ್ಟ್‌ವೇರ್ ಇಂಜಿನಿಯರ್ ಬಂದಳು. ಕೈಯಲ್ಲಿ ಮಡಚಿದ ಒಂದು ಹಾಳೆ. ದೂರು ಕೊಟ್ಟರೆ ಇಮಿಗ್ರೇಷನ್‌ನವರಿಗೆ ಗೊತ್ತಾಗುತ್ತದೆಯೇ ಎಂದು ಮೊದಲು ಕೇಳಿದಳು.

ಡಿಟೆಕ್ಟಿವ್ ಚಿತ್ರಾಳನ್ನು ಕರೆಸಿದರು. ಅವಳು ಹೂಸ್ಟನ್ ಪಕ್ಕದ ಕೇಟಿಯಲ್ಲಿ ಬೆಳೆದವಳು. ಆ ಠಾಣೆಯಲ್ಲಿ ಕನ್ನಡ ಬರುವುದು ಅವಳೊಬ್ಬಳಿಗೆ.

ಹಾಳೆ ಚುನಾವಣಾ ಆಯೋಗದ ಜಾಲತಾಣದ್ದು. ಅಧ್ಯಕ್ಷೀಯ ಹುರಿಯಾಳನ್ನು ಪಕ್ಷದೊಳಗೇ ಆರಿಸುವ ಪ್ರೈಮರಿಯಲ್ಲಿ ಸ್ಪರ್ಧಿಸುತ್ತಿದ್ದ ಅಭ್ಯರ್ಥಿಯೊಬ್ಬನಿಗೆ ದೇಣಿಗೆ ಕೊಟ್ಟವರ ಹೆಸರುಗಳು ಅದರಲ್ಲಿದ್ದವು. ಶ್ರಾವಣಿ ದೇಸಾಯಿ, ಸೀತಾಬಾಯಿ ದೇಸಾಯಿ, ತುಳಜಾ ದೇಸಾಯಿ. ತಲಾ 3,300 ಡಾಲರ್. ಒಬ್ಬರು ಕೊಡಬಹುದಾದ ಗರಿಷ್ಠ ಮೊತ್ತ ಅಷ್ಟೇ. ದಿನಾಂಕ ಡಿಸೆಂಬರ್ 18.

"ನಾನು ಎಚ್-ಒನ್ ವೀಸಾದಲ್ಲಿ ಇರೋಳು. ಗ್ರೀನ್ ಕಾರ್ಡ್ ಇಲ್ಲದೆ ಒಂದು ಡಾಲರ್ ಕೊಟ್ರೂ ಕ್ರೈಮ್. ಇದೇ ಇಪ್ಪತ್ತೇಳಕ್ಕೆ ನಮ್ಮ ಗ್ರೀನ್ ಕಾರ್ಡ್ ಇಂಟರ್‌ವ್ಯೂ. ಹನ್ನೆರಡು ವರ್ಷ ಕಾದಿದೀವಿ."

"ಸೀತಾಬಾಯಿ ಯಾರು?"

"ನಮ್ಮತ್ತೆ. ವಿಸಿಟರ್ ವೀಸಾದಲ್ಲಿ ಬಂದಿದ್ರು, ಜನವರೀಲಿ ಧಾರವಾಡಕ್ಕೆ ವಾಪಸ್ ಹೋದ್ರು."

"ತುಳಜಾ?"

ಶ್ರಾವಣಿ ಆ ಹೆಸರಿನ ಮೇಲೆ ಬೆರಳಿಟ್ಟಳು. "ನನ್ನ ಮಗಳು ಸಿಯಾ. ಎಂಟು ವರ್ಷ. ತೊಟ್ಟಿಲಲ್ಲಿ ಇಟ್ಟ ದೇವರ ಹೆಸರು ಅದು. ಯಾವ ದಾಖಲೇಲೂ ಇಲ್ಲ. ಯಾರೂ ಹಾಗೆ ಕರೆಯಲ್ಲ."

ಹಾಳೆಯಲ್ಲಿ ತುಳಜಾಳ ಉದ್ಯೋಗ 'ಕನ್ಸಲ್ಟೆಂಟ್' ಎಂದಿತ್ತು. ಚಿತ್ರಾಳ ಪಕ್ಕದಲ್ಲಿದ್ದ ಆಫೀಸರ್ ರಮೀರೆಜ್ ನಗಲು ಹೋಗಿ ಶ್ರಾವಣಿಯ ಮುಖ ನೋಡಿ ನಿಲ್ಲಿಸಿದ. ಗುರುತಿನ ವಿವರಗಳ ದುರ್ಬಳಕೆ ಎಂದು ರಿಪೋರ್ಟ್ ದಾಖಲಾಯಿತು. ಊರಲ್ಲಾಗಿದ್ದರೆ ಎಫ್‌ಐಆರ್ ಎನ್ನುತ್ತಿದ್ದರು. ಹೊರಡುವಾಗ ಶ್ರಾವಣಿ, ಅಭ್ಯರ್ಥಿಯ ಪ್ರಚಾರ ಕಚೇರಿಗೂ ಹಿಂದಿನ ದಿನ ಈಮೇಲ್ ಮಾಡಿದ್ದಾಗಿ ಹೇಳಿದಳು.

ಫೆಬ್ರವರಿ 8, ಸಂಜೆ 5.50. ಶ್ರಾವಣಿ ಸಿಯಾಳನ್ನು ಕರೆದುಕೊಂಡು ಇಂಡಿಯನ್ ಗ್ರೋಸರಿ ಅಂಗಡಿಗೆ ಹೋಗಿದ್ದಳು. ಕಾರು ನಿಲ್ಲಿಸುವಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಗಂಡಸಿನ ದನಿ, ಕನ್ನಡ.

"ಕಂಪ್ಲೇಂಟ್ ವಾಪಸ್ ತಗೊಳ್ಳಿ. ಗ್ರೀನ್ ಕಾರ್ಡ್ ಸಿಗಲಿ ಅಂತ ತಾನೇ ನಿಮ್ಮ ಪ್ರಾರ್ಥನೆ? ಹಾಳು ಮಾಡ್ಕೋಬೇಡಿ."

ಕರೆ ಕಟ್ಟಾಯಿತು. ಹಿಂದಿನ ಸೀಟಿನಿಂದ ಸಿಯಾ, "ಅಮ್ಮಾ, ಹೂ ವಾಸ್ ದಟ್?" ಎಂದಳು. ಶ್ರಾವಣಿ ಕಾರಿನ ಬಾಗಿಲು ಲಾಕ್ ಮಾಡಿ ಚಿತ್ರಾಗೆ ಫೋನ್ ಮಾಡಿದಳು. ಚಿತ್ರಾ ಬರುವವರೆಗೆ, ನಲವತ್ತು ನಿಮಿಷ, ಕೆಳಗಿಳಿಯಲಿಲ್ಲ. ಪಕ್ಕದಲ್ಲಿ ಕಾರು ಬಂದು ನಿಂತಾಗಲೆಲ್ಲ ಮಗಳ ತಲೆ ಬಗ್ಗಿಸುತ್ತಿದ್ದಳು. ದೂರು ಬಿಟ್ಟುಬಿಡೋಣ ಎಂದಳು. ಬಿಟ್ಟರೂ ಹೆಸರು ಅಲ್ಲೇ ಇರುತ್ತದೆ ಎಂದು ಚಿತ್ರಾ ಹೇಳಿದಳು.

ಚಿತ್ರಾಳ ತಲೆಯಲ್ಲಿ ಉಳಿದದ್ದು 'ಪ್ರಾರ್ಥನೆ' ಎಂಬ ಮಾತು. ಬೆದರಿಸುವವನು ಆಸೆ ಎನ್ನಬಹುದಿತ್ತು, ಅರ್ಜಿ ಎನ್ನಬಹುದಿತ್ತು. ಆ ರಾತ್ರಿಯೇ ಧಾರವಾಡಕ್ಕೆ ವಿಡಿಯೋ ಕಾಲ್ ಮಾಡಿಸಿದಳು. ಸೀತಾಬಾಯಿ ಬೆಳಗಿನ ಚಹಾ ಹಿಡಿದು ಕೂತಿದ್ದರು.

"ತುಳಜಾ ಅನ್ನೋ ಹೆಸರು ಎಲ್ಲಾದ್ರೂ ಬರೆದುಕೊಟ್ಟಿದ್ರಾ ಆಂಟಿ?"

"ಕೊಟ್ಟೀನಲ್ಲರಿ. ಆಸ್ಟಿನ್ನಿನಾಗ ಸತ್ಯನಾರಾಯಣ ಪೂಜಿ ಇತ್ತು. ಮಗ ದುಷ್ಯಂತನ ಫೋನಿನಾಗ ನಾನೇ ಫಾರ್ಮ್ ತುಂಬೀನಿ. ಹೆಸರು, ಗೋತ್ರ, ನಕ್ಷತ್ರ, ಪ್ರಸಾದ ಕಳಸಾಕ ಅಡ್ರೆಸ್ಸು, ಫೋನ್ ನಂಬರು. ದೇವರ ಮುಂದ ದೇವರ ಹೆಸರೇ ಹೇಳಬೇಕ್ರಿ."

"ವಿಶೇಷ ಪ್ರಾರ್ಥನೆ ಅಂತ ಜಾಗ ಇತ್ತಾ?"

"ಇತ್ತು. ಮಗಗ, ಸೊಸಿಗೆ ಗ್ರೀನ್ ಕಾರ್ಡ್ ಅಂತ ಬರದೆ." ಆಮೇಲೆ ಅವರ ದನಿ ಇಳಿಯಿತು. "ನಾ ಏನರ ತಪ್ಪು ಮಾಡಿದೆನೇನ್ರಿ? ಹನ್ನೊಂದು ಡಾಲರ್ ದಕ್ಷಿಣಿ ಅಷ್ಟ ಕೊಟ್ಟೀನಿ."

ಫೆಬ್ರವರಿ 10. ಚಿತ್ರಾ ಮತ್ತು ರಮೀರೆಜ್ ಮೂರೂವರೆ ಗಂಟೆ ಡ್ರೈವ್ ಮಾಡಿ ಆಸ್ಟಿನ್ ತಲುಪಿದರು. ಪೂಜೆ ಮಾಡಿಸಿದ್ದು ಉಡುಪಿ ಕಡೆಯ ಹಯಗ್ರೀವ ಆಚಾರ್ಯರು. ಬ್ಯಾಡ್ಜ್ ಕಂಡು ತಮ್ಮ ಪಾಸ್‌ಪೋರ್ಟನ್ನೇ ತಂದಿಟ್ಟರು. ಅದು ಬೇಡವೆಂದು ಒಪ್ಪಿಸಲು ಹತ್ತು ನಿಮಿಷ ಹಿಡಿಯಿತು.

ಪೂಜೆ ನಡೆದದ್ದು ಹಿಂದಿನ ವರ್ಷದ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ರಜೆಯ ಶನಿವಾರ. ಡಲ್ಲಾಸ್, ಹೂಸ್ಟನ್, ಆಸ್ಟಿನ್‌ನ 212 ಜನರ ಹೆಸರಿನಲ್ಲಿ ಸಂಕಲ್ಪ. ಮುದ್ರಿಸಿದ ಪಟ್ಟಿ ನೋಡಿ ಒಂದೊಂದೇ ಹೆಸರು ಓದಿದ್ದೆ ಎಂದರು. ಫಾರ್ಮ್ ನೋಡಿಕೊಂಡವರು, ಪಟ್ಟಿ ತಂದವರು ಕೇಟಿಯ ಸುಧೀಂದ್ರ.

"ಪಟ್ಟಿ ಈಗೆಲ್ಲಿ?"

"ಮಂತ್ರಾಕ್ಷತೆ ಬಿದ್ದ ಕಾಗದ. ಅದನ್ನು ನಾವು ನಿರ್ಮಾಲ್ಯದ ಜೊತೆ ವಿಸರ್ಜನೆ ಮಾಡುವುದು. ಅವರು ಈ ಸಲ ವಾಪಸ್ ಕೇಳಿದರು. ಯಾಕೆಂತ ನಾನು ಕೇಳಲಿಲ್ಲ."

ಫಾರ್ಮಿನ ಪ್ರತಿಯನ್ನು ಕೋರ್ಟ್ ಆದೇಶದ ಮೇಲೆ ತರಿಸಿ ದೇಣಿಗೆಯ ಪಟ್ಟಿಯ ಪಕ್ಕದಲ್ಲಿಟ್ಟರು. ಎರಡರಲ್ಲೂ ಇದ್ದ ಹೆಸರು ನಲವತ್ತಮೂರು, ಅದೂ ಫಾರ್ಮಿನ ಅನುಕ್ರಮದಲ್ಲೇ. ಎಲ್ಲವೂ ಒಂದೇ ಮಧ್ಯಾಹ್ನ ಸಲ್ಲಿಕೆಯಾಗಿದ್ದವು. ಅವುಗಳನ್ನು ತಂದುಕೊಟ್ಟವರು ಎಂಬಲ್ಲಿ ಪ್ರಚಾರ ಕಚೇರಿಯವರು ಹೂಸ್ಟನ್ ಬಳಿಯ ದ ವುಡ್‌ಲ್ಯಾಂಡ್ಸ್‌ನ ಮೋಹನರಾಜನ ಹೆಸರು ಬರೆದುಕೊಂಡಿದ್ದರು. ಶ್ರಾವಣಿಯ ಈಮೇಲನ್ನೂ ಅವನಿಗೇ ಕಳಿಸಿದ್ದರು.

ಮೋಹನರಾಜ ಇಂಧನ ಕ್ಷೇತ್ರದ ಕಂಪನಿಯೊಂದರ ಮಾಲೀಕ, ಅಮೆರಿಕನ್ ಪ್ರಜೆ. ತನ್ನ ಪಾಲಿನ ಮಿತಿಯಷ್ಟನ್ನು ಎಂದೋ ಕೊಟ್ಟಿದ್ದ. ಮನೆಯ ಗೋಡೆಯಲ್ಲಿ ಅಭ್ಯರ್ಥಿಯ ಜೊತೆ ಊಟಕ್ಕೆ ಕೂತ ಫೋಟೋ ಇತ್ತು. ಅಭ್ಯರ್ಥಿಯ ಪಕ್ಕದ ಕುರ್ಚಿ ಸಿಗಬೇಕಾದರೆ ಒಂದೂವರೆ ಲಕ್ಷ ಡಾಲರ್ ಸಂಗ್ರಹಿಸಿ ತೋರಿಸಬೇಕಿತ್ತು. ವಕೀಲನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಉತ್ತರಿಸಿದ. ಹೆಸರುಗಳು ಎಲ್ಲಿಂದ ಬಂದವೋ ತನಗೆ ತಿಳಿಯದು, ಅದನ್ನೆಲ್ಲ ತನ್ನ ಕಂಪನಿಯ ಸುಧೀಂದ್ರ ನೋಡಿಕೊಂಡ.

"ಅವನು ನಮ್ಮನೆಯವನ ಹಾಗೆ," ಎಂದ.

ಫೆಬ್ರವರಿ 22, ಬೆಳಗ್ಗೆ 7.10. ಚಿತ್ರಾ ಮತ್ತು ರಮೀರೆಜ್ ಸ್ಥಳೀಯ ಪೊಲೀಸರೊಂದಿಗೆ ಕೇಟಿಯ ಮನೆಯ ಬಾಗಿಲು ತಟ್ಟಿದರು. ಸುಧೀಂದ್ರನಿಗೆ ಐವತ್ತೊಂದು. ಬಾಗಿಲು ತೆರೆದವನು ಏಕೆ ಎಂದು ಕೇಳಲಿಲ್ಲ, ಚಪ್ಪಲಿ ಹುಡುಕಿದ. ಅವನ ಹೆಂಡತಿ ಸರೋಜಾ ಅಡುಗೆಮನೆಯ ಗೋಡೆಗೆ ಬೆನ್ನು ಒತ್ತಿ ನಿಂತಳು. ಶೋಧ ಮುಗಿಯುವವರೆಗೂ ಹಾಗೇ ನಿಂತಿದ್ದಳು.

ಕಂಪನಿಯಿಂದ ಡಿಸೆಂಬರ್‌ನಲ್ಲಿ ಬಂದ 'ವಿಶೇಷ ಬೋನಸ್'ನ ಕಾಗದ, ದೇಣಿಗೆ ಪಾವತಿಯಾಗಿದ್ದ ಆರು ಕ್ರೆಡಿಟ್ ಕಾರ್ಡ್, ಬೆದರಿಕೆಯ ಕರೆ ಹೋದ ಪ್ರೀಪೇಯ್ಡ್ ಫೋನ್ ಮೇಜಿನ ಡ್ರಾಯರಿನಲ್ಲೇ ಸಿಕ್ಕವು. ಪಟ್ಟಿ ಸಿಕ್ಕಿದ್ದು ದೇವರ ಮನೆಯಲ್ಲಿ, ಸಾಲಿಗ್ರಾಮದ ಪೆಟ್ಟಿಗೆಯ ಕೆಳಗೆ. ಒಂಬತ್ತು ಹಾಳೆ. ನಲವತ್ತಮೂರು ಹೆಸರುಗಳ ಮುಂದೆ ಪೆನ್ಸಿಲ್ ಗುರುತು.

"ಇದನ್ನ ಯಾಕೆ ಇಟ್ಕೊಂಡ್ರಿ ಅಂಕಲ್?"

ಆರೋಪಿಯನ್ನು ಅಂಕಲ್ ಎಂದು ಕರೆದ ಮೇಲೆ ಚಿತ್ರಾಗೇ ಆ ಮಾತು ಕೇಳಿಸಿತು. ಸುಧೀಂದ್ರ ತಲೆ ಎತ್ತಲಿಲ್ಲ.

"ಹರಿದು ಹಾಕೋಕೆ ಭಯ ಆಯ್ತು. ಇಷ್ಟು ಜನರ ಹೆಸರಲ್ಲಿ ಸಂಕಲ್ಪ ಆಗಿದೆ. ಕಸಕ್ಕೆ ಹಾಕಿದ್ರೆ ಯಾರಿಗಾದ್ರೂ ಏನಾದ್ರೂ ಆದ್ರೆ?"

"ಶ್ರಾವಣಿಗೆ ಫೋನ್ ಮಾಡುವಾಗ ಆ ಭಯ ಇರಲಿಲ್ವಾ?"

7.55ಕ್ಕೆ ಕೈಕೋಳ ಹಾಕಿದರು.

ದೇಣಿಗೆಯ ಡಾಲರ್ ಯಾರದ್ದು ಎಂಬ ಪ್ರಶ್ನೆ ಫೆಡರಲ್ ತನಿಖಾಧಿಕಾರಿಗಳಿಗೆ ಹೋಯಿತು. ಮೋಹನರಾಜನ ಬಂಧನ ಆ ದಿನ ಆಗಲಿಲ್ಲ. ಚಿತ್ರಾ ಕಾರಿನಿಂದಲೇ ಶ್ರಾವಣಿಗೆ ಫೋನ್ ಮಾಡಿದಳು. ಹೆಸರು ತೆಗೆದರಾ ಎಂಬುದೊಂದನ್ನೇ ಶ್ರಾವಣಿ ಕೇಳಿದಳು.

"ಅದು ನನ್ನ ಕೈಲಿಲ್ಲ. ರಿಪೋರ್ಟ್ ಕಾಪಿ ಕೊಡ್ತೀನಿ, ಇಂಟರ್‌ವ್ಯೂಗೆ ತಗೊಂಡ್ಹೋಗಿ."

"ಅವರು ನಂಬ್ತಾರಾ?"

ಚಿತ್ರಾ ಗೊತ್ತಿಲ್ಲ ಎಂದಳು.

ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಬರೆಯುತ್ತ ಅವಳು ಒಂಬತ್ತು ಹಾಳೆಗಳನ್ನೂ ಮತ್ತೊಮ್ಮೆ ಓದಿದಳು. ಮೊದಲ ಸಾಲು ಸುಧೀಂದ್ರನದೇ. ಹೆಂಡತಿಯ ಹೆಸರು, ಮಗಳು ಹರ್ಷಿಣಿಯ ಹೆಸರು. ಹುಡುಗಿ ಆಸ್ಟಿನ್‌ನಲ್ಲಿ ಓದುತ್ತಿದ್ದಳು. ಏಪ್ರಿಲ್ 9ಕ್ಕೆ ಇಪ್ಪತ್ತೊಂದು ತುಂಬಿದರೆ ತಂದೆಯ ಗ್ರೀನ್ ಕಾರ್ಡ್ ಅರ್ಜಿಯಿಂದ ಅವಳ ಹೆಸರು ಬಿದ್ದುಹೋಗುತ್ತದೆ. ಆ ಅರ್ಜಿಗೆ ಸಹಿ ಮಾಡಿದ ಮಾಲೀಕ ಮೋಹನರಾಜ. ದೇಣಿಗೆಗೆ ಹೆಸರುಗಳನ್ನು ತಾರದಿದ್ದರೆ ಅರ್ಜಿ ಹಿಂತೆಗೆಯುತ್ತೇನೆಂದು ಅವನು ಎರಡು ಸಲ ಹೇಳಿದ್ದನೆಂದು ಸುಧೀಂದ್ರ ಹೇಳಿಕೆಯಲ್ಲಿ ಬರೆಸಿದ್ದ.

ಆ ಮೊದಲ ಸಾಲಿನ ವಿಶೇಷ ಪ್ರಾರ್ಥನೆಯ ಜಾಗದಲ್ಲಿ 'ಏಪ್ರಿಲ್ ಒಳಗೆ' ಎಂದಷ್ಟೇ ಇತ್ತು.

ಚಿತ್ರಾ ಬರೆದಳು: ಮುದ್ರಿತ ಹಾಳೆ ಒಂಬತ್ತು, ಅಲ್ಲಲ್ಲಿ ಕುಂಕುಮದ ಕಲೆ.