ಬೆಳಗ್ಗೆ ಅವನು, ಮಧ್ಯಾಹ್ನ ಅವಳು

"ನಿಂಗೆ ನನ್ನ ಕೆಲಸ ಬೇಡ ಅಂದ್ರೆ ಬಾಯಿಬಿಟ್ಟು ಹೇಳು ಮೆಲ್ವಿನ್. ದಿನಾ ಬೆಳಗ್ಗೆ ಬಂದು ಕಳ್ಳನ ಹಾಗೆ ಅಳಿಸಿ ಹಾಕ್ಬೇಡ."

ಗೇನರ್ ಕೋಟನ್ನೂ ಬಿಚ್ಚದೆ ಸ್ಟುಡಿಯೋ ಬಾಗಿಲಲ್ಲೇ ನಿಂತು ಇಷ್ಟು ಹೇಳಿದಳು. ಮೆಲ್ವಿನ್ ಅವಳ ಕಪ್ಪಿಗೆ ಹಾಲು ಬೆರೆಸುತ್ತಿದ್ದ. ಕೈ ನಿಲ್ಲಲಿಲ್ಲ, ಕಪ್ಪು ತುಂಬಿ ಹಾಲು ಮೇಜಿನ ಮೇಲೆ ಹರಿಯಿತು.

"ಅಳಿಸಿಲ್ಲ ಮಾರಾಯ್ತಿ. ಒಂಚೂರು ತಗ್ಗಿಸಿದೆ ಅಷ್ಟೆ."

"ಒಂಚೂರು! ಮೊನ್ನೆ ನಾನು ಹಾಕಿಹೋದ ಗಂಟೆ ಸದ್ದು, ನಿನ್ನೆ ಬಂದು ನೋಡಿದ್ರೆ ಹುಡುಕಿದ್ರೂ ಇಲ್ಲ. ಮತ್ತೆ ಏರಿಸಿದೆ. ಇವತ್ತು ಮತ್ತೆ ಇಳಿಸಿರ್ತೀಯ. ಎಂಟು ತಿಂಗಳಾಯ್ತು ಕಣೋ ಈ ಆಟ."

ಅವನು ಬಟ್ಟೆ ತಂದು ಹಾಲು ಒರೆಸತೊಡಗಿದ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಂಗೀತದಲ್ಲಿ ಇವರಿಬ್ಬರದು ಒಂದೇ ಹೆಸರು: ಹಾಲೋವೇರ್. ಕೆಟಲು, ಟೀಪಾಟುಗಳನ್ನು ಬಡಿದು ಮಾಡುವ ಕಸುಬಿಗೆ ಅಲ್ಲಿಯವರು ಹೇಳುವ ಮಾತು ಅದು. ಗೇನರಳ ಚಿಕ್ಕಪ್ಪನ ಕಾರ್ಖಾನೆಯಲ್ಲಿ ಬೆಳ್ಳಿ ತಗಡು ಬಡಿಯುವ ಸದ್ದನ್ನು ಟೇಪಿನಲ್ಲಿ ಹಿಡಿದು, ಅದನ್ನೇ ಸುತ್ತಿಸಿ ಸುತ್ತಿಸಿ ಮೊದಲ ರೆಕಾರ್ಡು ಮಾಡಿದ್ದರು. ಹಾಡಿಲ್ಲ, ಗಿಟಾರಿಲ್ಲ, ಮುಖದ ಫೋಟೋ ಕೂಡ ಇಲ್ಲ. ಆದರೂ ಜರ್ಮನಿಯ ಹುಡುಗರು ಅದಕ್ಕೆ ಬೆಳಗಿನ ತನಕ ಕುಣಿದರು. ಕೆಳಗಿನ ಧಿಮ್ ಧಿಮ್ ಮೆಲ್ವಿನ್‌ನದು. ಅದರ ಮೇಲೆ ಗೆಜ್ಜೆಯ ಹಾಗೆ ಉದುರುವ ಸಣ್ಣ ಸದ್ದುಗಳು ಗೇನರಳವು. ಜನ ಹಣ ಕೊಡುತ್ತಿದ್ದದ್ದು ಆ ಗೆಜ್ಜೆಗೆ ಎಂಬುದು ಮೆಲ್ವಿನ್‌ಗೆ ಗೊತ್ತಿತ್ತು. ಅವನೂ ಅದಕ್ಕೇ ಸೋತಿದ್ದ.

ಎರಡನೇ ರೆಕಾರ್ಡಿನ ಹೊತ್ತಿಗೆ ಇಬ್ಬರೂ ಒಂದೇ ಗುಂಡಿಗೆ ಕೈ ಹಾಕಿ, ಜಗಳವಾಗಿ, ಅವಳು ಒಂದು ಟೀಪಾಟನ್ನೇ ಎಸೆದಿದ್ದಳು. ಅಂದಿನಿಂದ ಒಂದು ಕಟ್ಟಳೆ. ಬೆಳಗ್ಗೆ ಸದ್ದು ಬೆರೆಸುವ ಯಂತ್ರ ಅವನದು, ಮಧ್ಯಾಹ್ನ ಅವಳದು. ನಡುವೆ, ಒಂದು ಗಂಟೆಗೆ, ಅರ್ಧ ತಾಸು ಒಟ್ಟಿಗೆ ಚಹಾ, ಚಿಪ್ಸ್ ತುಂಬಿದ ಬ್ರೆಡ್ಡು. ಆಗ ಸಂಗೀತದ ಮಾತೆತ್ತುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ. ಉಳಿದದ್ದನ್ನೆಲ್ಲ ಯಂತ್ರದಲ್ಲಿ ಬಿಟ್ಟುಹೋಗಬೇಕು.

ಅವನಿಗೆ ಅವಳ ಮನಸ್ಸು ತಿಳಿಯುತ್ತಿದ್ದದ್ದು ಹಾಗೆಯೇ. ಅವಳ ಮದುವೆ ಮುರಿದ ವರ್ಷದ ಸದ್ದುಗಳು ಇಷ್ಟಿಷ್ಟೇ ಇದ್ದವು. ಒಂದು ವಸಂತದಲ್ಲಿ ಅವನ ಧಿಮ್ ಧಿಮ್ಮಿಗೆ ಅವಳು ಎಷ್ಟು ಚಂದದ ಉತ್ತರ ಬಿಟ್ಟಿದ್ದಳೆಂದರೆ, ಅವನು ಆ ಬೆಳಗ್ಗೆ ಏನೂ ಮಾಡದೆ ಹನ್ನೊಂದು ಸಲ ಅದನ್ನೇ ಹಾಕಿ ಕೇಳಿದ. ಒಂದು ಗಂಟೆಗೆ ಅವಳು ಬಂದಾಗ "ಮಳೆ ಬರೋ ಹಾಗಿದೆ" ಎಂದ. ಇಪ್ಪತ್ತು ವರ್ಷ ಪ್ರೀತಿಸಿದವನ ಬಾಯಿಂದ ಹೊರಟ ಮಾತು ಇಷ್ಟೇ.

ಹತ್ತು ತಿಂಗಳ ಹಿಂದೆ ಆ ಗೆಜ್ಜೆ ಚೂಪಾಗತೊಡಗಿತು. ಮೊದಲು ಅವಳ ಹೊಸ ರುಚಿ ಎಂದುಕೊಂಡ. ವಾರ ಕಳೆದಂತೆ ಅದು ಸೂಜಿಯಾಗಿ ಕಿವಿಗೆ ಚುಚ್ಚಿತು. ಅವಳು ಏರಿಸುತ್ತಿದ್ದದ್ದು ಅವಳಿಗೆ ಅದು ಕೇಳದ ಕಾರಣಕ್ಕೆ ಎಂದು ಒಂದು ಸೋಮವಾರ ಹೊಳೆದಾಗ, ಹೆಡ್‌ಫೋನು ತೆಗೆದಿಟ್ಟು ಗೋಡೆ ನೋಡುತ್ತ ಕುಳಿತ. ಇಪ್ಪತ್ತು ವರ್ಷ ಆಳೆತ್ತರದ ಸ್ಪೀಕರುಗಳ ಪಕ್ಕದಲ್ಲಿ ನಿಂತವಳ ಕಿವಿಗಳು. ಆಮೇಲೆ ಸದ್ದಿಲ್ಲದೆ ತಗ್ಗಿಸತೊಡಗಿದ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಬ್ರಿಸ್ಟಲ್‌ನವರು ಕರೀತಿದ್ದಾರೆ, ಟೀವಿ ಕೆಲಸಕ್ಕೆ. ನಾನೊಬ್ಬಳೇ," ಗೇನರ್ ಹೇಳಿದಳು. "ಶುಕ್ರವಾರ ಒಪ್ಪಿಗೆ ಹೇಳ್ತೀನಿ. ಬೇಡವಾದ ಮನೇಲಿ ಎಷ್ಟು ದಿನ ಇರೋದು?"

ಅವಳು ಅಳುತ್ತಿರಲಿಲ್ಲ. ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಿದ್ದಳು. ಎಡಕೆನ್ನೆಯಲ್ಲಿ ಸಣ್ಣ ಗುಳಿ ಬಿದ್ದಿತ್ತು. ಅವನು ಆ ಗುಳಿಯನ್ನೇ ನೋಡಿದ. ಹೋಗಲು ಬಿಟ್ಟರೆ ಬ್ರಿಸ್ಟಲ್‌ನಲ್ಲಿ ಯಾರೋ ಅಪರಿಚಿತರು ಅವಳೆದುರೇ ಕಿವಿ ಮುಚ್ಚಿಕೊಳ್ಳುತ್ತಾರೆ. ತಡೆದರೆ ತಾನೇ ಹೇಳಬೇಕು.

"ಗೇನರ್, ಒಂದು ನಿಮಿಷ ಯಂತ್ರದ ಮುಂದೆ ಕೂತ್ಕೋ."

"ಚಹಾ ಹೊತ್ತಲ್ಲಿ ಯಂತ್ರ ಮುಟ್ಟೋ ಹಾಗಿಲ್ಲ."

"ಇವತ್ತೊಂದು ದಿನ."

ಅವಳು ಯಂತ್ರದ ಮುಂದೆ ಕುಳಿತಳು. ಅವನು ಒಂದೇ ಸ್ವರ ಹೊರಡಿಸಿ ಗುಂಡಿಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿದ. ಕೊಠಡಿಯಲ್ಲಿ ಮೊದಲು ದುಂಬಿ ಗುಂಯ್‌ಗುಟ್ಟಿದಂತಾಯಿತು, ಆಮೇಲೆ ಕೊಳಲಿನಂತೆ, ಆಮೇಲೆ ಕುದಿವ ಕೆಟಲಿನ ಸಿಳ್ಳೆಯಂತೆ. ಅವಳು ಬೇಸರದಿಂದ ತಲೆಯಾಡಿಸುತ್ತಿದ್ದಳು.

"ಯಾಕೆ ನಿಲ್ಲಿಸ್ದೆ?"

ಅವನು ನಿಲ್ಲಿಸಿರಲಿಲ್ಲ. ಸ್ವರ ಅವನ ಹಲ್ಲಿನ ಬೇರಿಗೆ ತಾಗುವಷ್ಟು ಜೋರಾಗಿತ್ತು.

"ಮೆಲ್ವ್, ಯಾಕೆ ನಿಲ್ಲಿಸ್ದೆ ಅಂತ ಕೇಳ್ದೆ."

ಅವಳ ಕಣ್ಣು ಯಂತ್ರದ ಅಳತೆಯ ಮುಳ್ಳಿನ ಮೇಲೆ ಬಿತ್ತು. ಮುಳ್ಳು ಕೊನೆಯ ಗೆರೆಗೆ ಅಂಟಿ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷ ಆ ಮುಳ್ಳನ್ನು ನೋಡಿದವಳಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳೇ ಕೈ ಚಾಚಿ ಸ್ವರವನ್ನು ನಿಲ್ಲಿಸಿದಳು.

"ಎಂಟು ತಿಂಗಳೂ ಗೊತ್ತಿತ್ತಾ ನಿಂಗೆ?"

"ಹ್ಞೂಂ."

"ಎಂಟು ತಿಂಗಳು ನಾನು ಪೆದ್ದಿಯ ಹಾಗೆ ಏರಿಸ್ತಾ ಕೂತಿದ್ದೆ, ನೀನು ನೋಡ್ತಾ ಕೂತಿದ್ದೆ." ಅವಳು ಅವನ ಎದೆಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟಳು. ಜೋರಾಗೇನೂ ಇರಲಿಲ್ಲ. "ಯಾಕೋ ಹೇಳ್ಲಿಲ್ಲ, ದರಿದ್ರದವನೇ?"

"ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ. ನೀನು ಬರದೇ ಇರೋ ಮಧ್ಯಾಹ್ನ ನಂಗೆ ಬೇಡ ಗೇನರ್. ಸಂಗೀತ ಹಾಳಾಗ್ಲಿ. ಒಂದು ಗಂಟೆಗೆ ಮೆಟ್ಟಿಲಲ್ಲಿ ನಿನ್ನ ಬೂಟಿನ ಸದ್ದು ಕೇಳದೇ ಇದ್ರೆ ನಾನು ಸತ್ತಹಾಗೇ. ಯಾವಾಗಿಂದಲೋ ಹೀಗೇ. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಅವಳು ಕೋಟಿನ ತೋಳಿನಿಂದ ಮೂಗೊರೆಸಿಕೊಂಡಳು. ಅವನ ಮುಂದೆ ಯಾವತ್ತೂ ಹಾಗೆ ಮಾಡಿದವಳಲ್ಲ.

"ನಮ್ಮಮ್ಮಂಗೂ ಹೀಗೇ ಆಯ್ತು," ಎಂದಳು. "ಮೊದಲು ಹಕ್ಕಿಗಳು ಹೋದವು. ಆಮೇಲೆ ನಮ್ಮ ಮಾತು. ಅಪ್ಪಂದು ಮಾತ್ರ ಕಡೇ ತನಕ ಕೇಳ್ತಿತ್ತು. ದಪ್ಪ ದನಿ ಎಲ್ಲಕ್ಕಿಂತ ಆಮೇಲೆ ಹೋಗತ್ತಂತೆ." ಅವಳು ತಲೆಯೆತ್ತಿ ಅವನನ್ನು ನೇರವಾಗಿ ನೋಡಿದಳು. "ನಿಂದೂ ದಪ್ಪ ದನಿನೇ."

ಅವನು ತಲೆಯಾಡಿಸಿದ.

"ಈಗ ಹೇಳ್ದೆಯಲ್ಲ, ಅದನ್ನ ಇನ್ನೊಂದ್ಸಲ ಹೇಳು. ಬೂಟು ಗೀಟು ಎಲ್ಲ ಬಿಟ್ಟು, ಸರಿಯಾಗಿ ಹೇಳು."

ಮೆಲ್ವಿನ್ ಹೇಳಿದ. ಮೂರೇ ಮಾತು. ಕೊನೆಯದಕ್ಕೆ ದನಿ ಸಣ್ಣದಾಗಿ ಸೀಳಿತು.

"ಕಡೇದು ಕೇಳಿಸ್ಲಿಲ್ಲ," ಎಂದಳು ಗೇನರ್.

ನಿಜವಾಗಿ ಕೇಳಿಸಲಿಲ್ಲವೋ, ಇನ್ನೊಮ್ಮೆ ಬೇಕೆನ್ನಿಸಿತೋ, ಅವಳ ಮುಖದಿಂದ ತಿಳಿಯುವಂತಿರಲಿಲ್ಲ. ವಿಚಾರಿಸುವ ಧೈರ್ಯ ಅವನಿಗಿರಲಿಲ್ಲ. ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಇನ್ನೊಮ್ಮೆ ಹೇಳಿದ.