ಫೋನ್ ಬರದಿದ್ದರೆ

ಲ್ಯಾಬಿನಲ್ಲಿ ಅವಳು ರೋಗಾಣು ಬೆಳೆಸುವ ಮೂರನೆಯ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು ಎಣಿಸುತ್ತಿದ್ದಳು. ಒಂಬತ್ತು, ಹತ್ತು... ನೀಲಿ-ಹಸಿರು ಚುಕ್ಕೆಗಳು, ಒಂದೊಂದರ ಸುತ್ತಲೂ ಮಂಜಿನಂಥ ಬಿಳಿ ಉಂಗುರ. ಲಿಸ್ಟೀರಿಯಾ. ಫ್ರಿಜ್ಜಿನ ಚಳಿಗೂ ಜಗ್ಗದ, ಬಸುರಿಯ ಹೊಟ್ಟೆಯೊಳಗಿನ ಕೂಸನ್ನೂ ಬಿಡದ ರೋಗಾಣು.

ಮೊದಲ ತಟ್ಟೆ ಮೊನ್ನೆಯೇ ಇದನ್ನು ಹೇಳಿತ್ತು. "ಅನುಮಾನ ಬಂತಾ? ಮೊದಲು ತಯಾರಿಸಿದವರಿಗೆ ಫೋನ್, ಆಮೇಲೆ ಎರಡನೇ ಪರೀಕ್ಷೆ" ಎಂದು ವಿಶ್ವವಿದ್ಯಾಲಯದ ತರಗತಿಯಲ್ಲಿ ಹದಿನಾರು ವರ್ಷ ಗಂಟಲು ಹರಿದುಕೊಂಡವಳು ಅವಳೇ. ಬೆನ್ನ ಹಿಂದೆ 'ಬೂಷ್ಟು ಮೇಡಂ' ಎನ್ನುವ ವಿದ್ಯಾರ್ಥಿಗಳಿಗೂ ಆ ಮಾತು ಬಾಯಿಪಾಠ. ಆದರೆ ಪರೀಕ್ಷೆಗೆ ಬಂದ ಡಬ್ಬದ ಮೇಲೆ ಐಸ್‌ಕ್ರೀಮಿನವನ ದುಂಡು ಅಕ್ಷರ ಕಂಡಾಗ ಅವಳ ಕೈ ಫೋನಿನ ಕಡೆ ಹೋಗಲಿಲ್ಲ. ನಾನೇ ಎಲ್ಲೋ ಎಡವಿರಬೇಕು, ಇನ್ನೊಂದು ಸಲ ನೋಡೋಣ. ಆಮೇಲೆ ಇನ್ನೊಂದು ಸಲ.

ಎರಡು ವರ್ಷದಿಂದ ತಿಂಗಳಿಗೊಮ್ಮೆ ಅವನು ತನ್ನ ಪುಟ್ಟ ಐಸ್‌ಕ್ರೀಮ್ ಕಾರ್ಖಾನೆಯಿಂದ ಡಬ್ಬ ಹಿಡಿದು ಬರುತ್ತಿದ್ದ. ಮಿಕ್ಕವರು ಪರೀಕ್ಷೆಗೆಂದೇ ಚೊಕ್ಕವಾಗಿ ತುಂಬಿಸಿದ ಡಬ್ಬ ತಂದರೆ, ಇವನು ಯಂತ್ರದ ಬಾಯಿಂದ ಬಿದ್ದ ಮೊದಲ ಡಬ್ಬವನ್ನೇ ತರುತ್ತಿದ್ದ. ಅವಳ ಮನಸ್ಸು ಜಾರಿದ್ದು ಅಲ್ಲೇ.

ಬಾಗಿಲು ತಟ್ಟಿದ ಸದ್ದು. ಅವನೇ.

"ಫೋನ್ ಬರ್ಲಿಲ್ಲ ಅಂದ್ರೆ ಪಾಸು ಅಂತ ಲೆಕ್ಕ. ಅದಕ್ಕೇ ಮುಖ ತೋರಿಸಿ ಹೋಗೋಣ ಅಂತ ಬಂದೆ." ಕಣ್ಣಲ್ಲೇ ನಕ್ಕ. "ನಿಮ್ಮನ್ನ ನೋಡಿ ಹೋಗೋಕೂ ಅಂತ ಇಟ್ಕೊಳ್ಳಿ."

ಬೇರೆ ದಿನವಾಗಿದ್ದರೆ ಅವಳ ಕಿವಿ ಬೆಚ್ಚಗಾಗುತ್ತಿತ್ತು.

"ಆ ಬ್ಯಾಚು ಎಲ್ಲಿದೆ?"

"ಪೂರ್ತಿ ಹೆರಿಗೆ ಆಸ್ಪತ್ರೆ ಕ್ಯಾಂಟೀನಿನ ಆರ್ಡರ್ರು. ಇವತ್ತು ಹೋಗುತ್ತೆ. ಯಾಕ್ರೀ?"

"ತಡೀರಿ. ಲಿಸ್ಟೀರಿಯಾ ಇದೆ, ಈಗ್ಲೇ ತಡೀರಿ!"

ಅವನು ಕೇಳುತ್ತಾ ನಿಲ್ಲಲಿಲ್ಲ, ಫೋನ್ ತೆಗೆದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಈ ಸಲ ಕಾರ್ಖಾನೆಯಲ್ಲಿದ್ದ ಅವನ ಅಕ್ಕನ ದನಿ ಸ್ಪೀಕರಿನಲ್ಲಿ ಕೇಳಿಸಿತು.

"ಏನೋ ನಿಂದು? ಮೇಡಂ ಹತ್ರ ಹೋದಾಗ ಅಕ್ಕನ ನೆನಪಾಯ್ತಾ? ಆಶ್ಚರ್ಯ!"

"ಅಕ್ಕಾ, ವ್ಯಾನ್ ಎಲ್ಲಿ?"

"ಈಗಷ್ಟೇ ಗೇಟು ದಾಟ್ತು."

"ಓಡು. ನಿಲ್ಸು. ಒಂದು ಡಬ್ಬಾನೂ ಹೋಗ್ಬಾರ್ದು."

ಫೋನಿನೊಳಗೆ ಚಪ್ಪಲಿಯ ಪಟಪಟ, ಏದುಸಿರು, "ಡ್ರೈವರ್ರೇ, ನಿಲ್ಸ್ರೀ!" ಎಂಬ ಕೂಗು. ಆಮೇಲೆ ಏನೂ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಸಿಕ್ತು ಕಣೋ. ರಸ್ತೆ ಉಬ್ಬಿನ ಪುಣ್ಯ. ನನ್ನ ಮಂಡಿ ಹೋಯ್ತು, ಅಷ್ಟೇ."

ಅವನು ನಿಧಾನಕ್ಕೆ ಫೋನ್ ಇಳಿಸಿದ. "ಯಾವಾಗ ಗೊತ್ತಾಯ್ತು?"

ಇವತ್ತು ಎಂದಿದ್ದರೆ ನಂಬುತ್ತಿದ್ದ.

"ಮೊನ್ನೆ."

"ಬೇರೆಯವರ ಡಬ್ಬ ಆಗಿದ್ರೆ?"

"ಮೊನ್ನೆನೇ ಫೋನ್ ಮಾಡ್ತಿದ್ದೆ."

ಅವನ ಮುಖದಲ್ಲಿ ಸಿಟ್ಟೂ ಇನ್ನೇನೋ ಒಂದೂ ಒಟ್ಟಿಗೆ ಬಂದು, ಯಾವುದಕ್ಕೂ ಜಾಗ ಸಾಲದಂತಾಯಿತು.

"ನಾನು ಬೇರೆಯವರ ಹಾಗಲ್ಲ ಅನ್ನೋ ಮಾತು ಎರಡು ವರ್ಷದಿಂದ ನಿಮ್ಮ ಬಾಯಿಂದ ಬರ್ಲಿ ಅಂತ ಕಾದಿದ್ದೆ. ಹೀಗೆ ಬರಬಾರದಿತ್ತು."

"ಗೊತ್ತು."

"ಸಿಟ್ಟು ಬರ್ತಿದೆ ರೀ. ಹೋಗ್ತೀನಿ, ಯಂತ್ರ ಪೂರ್ತಿ ಬಿಚ್ಚಿ ತೊಳೀಬೇಕು." ಬಾಗಿಲಲ್ಲಿ ನಿಂತ. ತಿರುಗಲಿಲ್ಲ. "ಸಿಟ್ಟು ಇಳಿದ್ಮೇಲೆ ಬರ್ಲಾ?"

"ಇಳೀದಿದ್ರೂ ಬನ್ನಿ."

ಅವನು ಹೋದ ಮೇಲೆ ಅವಳು ವರದಿ ಬರೆದಳು. ಅನುಮಾನ ಬಂದ ದಿನದ ಮುಂದೆ ಮೊನ್ನೆಯ ತಾರೀಖನ್ನೇ ಹಾಕಿದಳು. ಯಾರು ಕೇಳಿದರೂ ಉತ್ತರ ಕೊಡುವುದೇ ಸೈ. ಆಮೇಲೆ ಪರೀಕ್ಷೆಗಳ ರಿಜಿಸ್ಟರ್ ತೆರೆದು, ಮುಂದಿನ ತಿಂಗಳಿಂದ ಅವನ ಡಬ್ಬಗಳೆದುರು ಇದ್ದ ತನ್ನ ಹೆಸರನ್ನು ಹೊಡೆದು, ಪಕ್ಕದ ಕೋಣೆಯ ಸಹೋದ್ಯೋಗಿಯ ಹೆಸರು ಬರೆದಳು. ಕಾರಣದ ಕಾಲಂನಲ್ಲಿ 'ಕೆಲಸದ ಒತ್ತಡ' ಎಂದು ಗೀಚಿ, ಕೈಗವಸು ಕಳಚಿ, ಹನ್ನೊಂದರ ತರಗತಿಗೆ ಹೊರಟಳು.